ನೀರಿಗೂ ನೆಲಕ್ಕೂ ಲೆಕ್ಕ ಕಟ್ಟಿದ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೆತ್ತಿದರೆ ನಮ್ಮವರ ಕಣ್ಣಮುಂದೆ ಬರುವುದು ಕನ್ನಂಬಾಡಿ ಕಟ್ಟೆ. ಸಂಘದ ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಕಟ್ಟೆಯ ವಿಚಾರವಲ್ಲ, ನೀರು ನಾಲೆಗೆ ಬಂದ ಮೇಲಿನ ವಿಚಾರ.

1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು.

ಅಲ್ಲಿನ ನಾಲೆಗಳಲ್ಲಿ ಒಂದು ಗೋಳಿತ್ತು. ತಲೆಭಾಗದವರು ಕಬ್ಬಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಬಿಟ್ಟುಕೊಳ್ಳೋರು. ಭೂಮಿ ಜವುಗು ಹಿಡಿಯೋದು, ಸೊಳ್ಳೆ, ಮಲೇರಿಯಾ ಬೇರೆ. ಕೊನೆಭಾಗದವರು ಬರೀ ನಾಲೆ ನೋಡಿಕೊಂಡು ಕೂರಬೇಕು. 1899ರ ಸುಮಾರಿನಲ್ಲಿ ಅವರು ಇದಕ್ಕೆ ಬ್ಲಾಕ್ ಪದ್ಧತಿಯನ್ನು ಸೂಚಿಸಿದರು. ಕಂಡಕಂಡಲ್ಲಿ ನೀರು ಹರಿಸುವ ಬದಲು ಊರೂರಿಗೂ ತಕ್ಕ ಮಣ್ಣಿನ ಜಾಗ ಗೊತ್ತುಮಾಡಿ, ಅದರ ಮೂರನೇ ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ; ವರ್ಷ ಕಳೆದಂತೆ ಸರದಿ ಬದಲು. ಅಂದರೆ ನೀರು ಎಷ್ಟು ಎಂಬುದರ ಜೊತೆಗೆ ಯಾವ ನೆಲದಲ್ಲಿ ಏನು ಬೆಳೆಯಬೇಕೆಂಬುದೂ ತೀರ್ಮಾನವಾಗಬೇಕು. ರೈತರು ಸುಮ್ಮನೆ ಒಪ್ಪಲಿಲ್ಲ. ನಮ್ಮ ಹೊಲದಲ್ಲಿ ಏನು ಹಾಕಬೇಕೆಂದು ಸರ್ಕಾರ ಹೇಳುವುದೇ ಎಂಬ ಸಿಟ್ಟು ಇದ್ದೇ ಇತ್ತು, ಪತ್ರಿಕೆಗಳೂ ಟೀಕಿಸಿದವು. ಆ ಸಿಟ್ಟು ತಪ್ಪೆಂದು ನಾವು ಹೇಳಲಾರೆವು. ಅವರು ರೈತರೊಡನೆ ಕೂತು ಮಾತಾಡಿ ಒಪ್ಪಿಸಿದರು ಎಂಬುದೇ ದೊಡ್ಡದು.

1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿಯ ನೀರು ಮಂಡ್ಯದ ಕಡೆ ಹರಿದಾಗಲೂ ಕಬ್ಬು, ಭತ್ತ, ಅರೆಖುಷ್ಕಿ ಬೆಳೆ ಎಂಬ ಅದೇ ಸರದಿಯ ಲೆಕ್ಕವನ್ನೇ ಹೇಳಿದರು. 1955ರಲ್ಲಿ ಭಾರತರತ್ನ ಸಂದಿತು. 1962ರ ಏಪ್ರಿಲ್ 14ರಂದು, ನೂರು ವರ್ಷ ದಾಟಿ, ತೀರಿಕೊಂಡರು.

ನಮ್ಮ ಸೀಮೆಗೂ ಅವರ ನಂಟುಂಟು. ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು 1933ರಲ್ಲಾದ ತಿಪ್ಪಗೊಂಡನಹಳ್ಳಿ ಜಲಾಶಯದ ಹಿಂದೆ ಅವರ ಸಲಹೆಯಿತ್ತು. ನಮ್ಮ ಮಾದನಾಯಕನಹಳ್ಳಿ ಆಸುಪಾಸಿನ ಮಳೆನೀರು ಇಳಿಯುವುದೂ ಆ ಕಡೆಗೇ. ಮೇಲಿನ ಕೆರೆಗಳು ಒಣಗಿ, ಬೋರ್‌ವೆಲ್ ಆಳಕ್ಕಿಳಿದು, ಕೊಳಚೆ ಸೇರಿ, 2012ರ ಕೊನೆಗೆ ಅಲ್ಲಿಂದ ಬೆಂಗಳೂರಿಗೆ ನೀರೆತ್ತುವುದೇ ನಿಂತುಹೋಯಿತು. ಅದಕ್ಕೂ ಮುಂಚೆ, 2003ರಲ್ಲೇ, ಸರ್ಕಾರ ಈ ಜಲಾನಯನವನ್ನು ನಾಲ್ಕು ವಲಯ ಮಾಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಕಟ್ಟಡ ಎಂದು ಗೊತ್ತುಮಾಡಿತ್ತು. ಆಮೇಲೆ ನಿಯಮಗಳು ತಿದ್ದುಪಡಿಯೂ ಆದವು. ಸೈಟಿಗೋ ಗೋಡೌನಿಗೋ ಜಮೀನು ಕೊಡುವ ಮುಂಚೆ ತಮ್ಮ ಸರ್ವೆ ನಂಬರು ಯಾವ ವಲಯಕ್ಕೆ ಬರುತ್ತದೆಂದು ಕೇಳುವವರು ನಮ್ಮಲ್ಲಿ ಬಹಳ ಮಂದಿಯಿಲ್ಲ.