ಕಡಲು ದಾಟದ ಕಪ್ತಾನ ಎಮಿಲಿಯೊ ಸಲ್ಗಾರಿ

ಕಡಲ ತೀರದಲ್ಲಿ ಹುಟ್ಟಿದವರಿಗೆಲ್ಲ ಕಡಲಿನ ಕಥೆ ಬರೆಯಲು ಬರುವುದಿಲ್ಲ. ಆದರೆ ಕಡಲಿನಲ್ಲಿ ಹೆಚ್ಚು ದೂರ ಹೋಗದೆಯೇ ಬಿರುಗಾಳಿ, ಹಡಗು, ಕಡಲ್ಗಳ್ಳರ ಕಾಳಗಗಳನ್ನು ಕಣ್ಣಿಗೆ ಕಟ್ಟುವಂತೆ ಬರೆದವನೊಬ್ಬನಿದ್ದ. ಅವನ ಹೆಸರು ಎಮಿಲಿಯೊ ಸಲ್ಗಾರಿ. ಊರು ಇಟಲಿ. ಎಂಬತ್ತಕ್ಕೂ ಹೆಚ್ಚು ಕಾದಂಬರಿ ಬರೆದ, ಇಟಲಿಯ ಮನೆಮನೆಯ ಮಕ್ಕಳ ನಿದ್ದೆ ಕೆಡಿಸಿದ ಈ ಲೇಖಕ ಕೊನೆಗೆ ಸಂಸಾರ ಸಾಗಿಸಲಾಗದೆ ತನ್ನ ಜೀವವನ್ನೇ ಕಳೆದುಕೊಂಡ ಎಂದರೆ ನಂಬುವುದು ಕಷ್ಟ.

ಸಲ್ಗಾರಿಯ ಹೆಸರು ನಮ್ಮಲ್ಲಿ ಹೆಚ್ಚು ಮಂದಿಗೆ ಪರಿಚಯವಿಲ್ಲ. ಆದರೆ ಕಬೀರ್ ಬೇಡಿಯವರನ್ನು ಸಿನಿಮಾ ನೋಡುವವರೆಲ್ಲ ಬಲ್ಲರು. 1976ರಲ್ಲಿ ಇಟಲಿಯ ಟಿವಿಯಲ್ಲಿ ‘ಸಂಡೋಕನ್’ ಧಾರಾವಾಹಿ ಪ್ರಸಾರವಾದಾಗ ನಮ್ಮ ದೇಶದ ಈ ನಟ ಅಲ್ಲಿ ರಾತ್ರಿ ಬೆಳಗಾಗುವುದರೊಳಗೆ ಮನೆಮಾತಾದರು. ಅದೇ ವರ್ಷ ಅವರು ‘ಕಪ್ಪು ಕಡಲ್ಗಳ್ಳ’ ಎಂಬ ಚಲನಚಿತ್ರದಲ್ಲೂ ನಾಯಕನಾದರು. ಎರಡನ್ನೂ ನಿರ್ದೇಶಿಸಿದವರು ಸೆರ್ಜಿಯೊ ಸೊಲ್ಲಿಮಾ. ಆ ಎರಡೂ ಪಾತ್ರಗಳನ್ನು ಹೆತ್ತದ್ದು ಅದಕ್ಕೂ 65 ವರ್ಷ ಹಿಂದೆಯೇ ತೀರಿಹೋಗಿದ್ದ ಸಲ್ಗಾರಿಯ ಲೇಖನಿ.

ಬಟ್ಟೆ ವ್ಯಾಪಾರಿಯ ಮಗ

ಸಲ್ಗಾರಿ ಹುಟ್ಟಿದ್ದು 1862ರ ಆಗಸ್ಟ್ 21ರಂದು ಉತ್ತರ ಇಟಲಿಯ ವೆರೋನಾ ನಗರದಲ್ಲಿ. ಆಗ ಆ ನಗರ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಅದು ನದಿ ದಂಡೆಯ ಊರೇ ಹೊರತು ಕಡಲೂರಲ್ಲ. ಮನೆಯವರದು ಬಟ್ಟೆ ವ್ಯಾಪಾರ. ಅಂಗಡಿಯಲ್ಲಿ ಗಜಕಡ್ಡಿ ಹಿಡಿಯಬೇಕಾಗಿದ್ದ ಹುಡುಗನ ತಲೆಯಲ್ಲಿ ಮಾತ್ರ ಹಗಲಿರುಳೂ ಹಡಗುಗಳದ್ದೇ ಗುಂಗು.

ಹದಿಹರೆಯದಲ್ಲಿ ಆತ ವೆನಿಸ್ಸಿನ ನೌಕಾ ಶಿಕ್ಷಣ ಸಂಸ್ಥೆಗೆ ಸೇರಿದ. ಓದು ಮುಗಿಸಿದರೆ ಕಪ್ತಾನನಾಗುವ ದಾರಿ ತೆರೆಯುತ್ತಿತ್ತು. ಆದರೆ ಓದು ಪೂರ್ತಿಯಾಗಲಿಲ್ಲ, ಪದವಿ ಪತ್ರ ಸಿಗಲಿಲ್ಲ. ಒಂದು ವ್ಯಾಪಾರಿ ಹಡಗಿನಲ್ಲಿ ಕೆಲವು ತಿಂಗಳು ಇಟಲಿಯ ಮಗ್ಗುಲಿನ ಏಡ್ರಿಯಾಟಿಕ್ ಸಮುದ್ರದಲ್ಲಿ ಓಡಾಡಿದ್ದಷ್ಟೇ ಅವನ ಕಡಲ ಅನುಭವ. ನಮ್ಮ ಮೀನುಗಾರರ ಮಕ್ಕಳು ಮೀಸೆ ಮೂಡುವ ಮೊದಲು ಪಡೆಯುವಷ್ಟು ಅನುಭವವೂ ಅದಲ್ಲ.

ಸಿಗದ ಪದವಿಯನ್ನು ಆತ ತಾನೇ ಇಟ್ಟುಕೊಂಡ. ತನ್ನನ್ನು ಕಪ್ತಾನ ಎಂದು ಕರೆದುಕೊಂಡ. ದೂರದ ಪೂರ್ವದ ಕಡಲುಗಳನ್ನೆಲ್ಲ ಸುತ್ತಿ ಬಂದವನಂತೆ ಮಾತಾಡಿದ. 1885ರಲ್ಲಿ ಎದುರಾಳಿ ಪತ್ರಿಕೆಯ ಬರಹಗಾರನೊಬ್ಬ ಈತ ಕಪ್ತಾನನಲ್ಲ, ಬರೀ ಹಡಗಿನ ಆಳುಹುಡುಗ ಎಂಬರ್ಥದಲ್ಲಿ ಗೇಲಿ ಮಾಡಿದ. ಸಲ್ಗಾರಿ ಅವನನ್ನು ಕತ್ತಿಯ ದ್ವಂದ್ವಯುದ್ಧಕ್ಕೆ ಕರೆದ! ಎದುರಾಳಿಗೆ ಗಾಯವಾಯಿತು. ಗೆದ್ದ ಸಲ್ಗಾರಿ ಕೆಲವು ದಿನ ಸೆರೆಮನೆಯಲ್ಲಿ ಕಳೆಯಬೇಕಾಯಿತು. ಸುಳ್ಳನ್ನು ಕಾಪಾಡಿಕೊಳ್ಳಲು ಜೀವವನ್ನೇ ಪಣಕ್ಕಿಟ್ಟ ಈ ಪ್ರಸಂಗ ನಗು ತರಿಸುತ್ತದೆ. ಆದರೆ ಕಪ್ತಾನನಾಗಬೇಕೆಂಬ ಆ ಆಸೆ ಅವನಿಗೆ ಎಷ್ಟು ದೊಡ್ಡದಾಗಿತ್ತು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಪತ್ರಿಕೆಯಿಂದ ಪುಸ್ತಕಕ್ಕೆ

1883ರಲ್ಲಿ ಮಿಲಾನಿನ ವಾರಪತ್ರಿಕೆಯೊಂದರಲ್ಲಿ ಅವನ ಮೊದಲ ಕಥೆ ಅಚ್ಚಾಯಿತು. ಅದೇ ವರ್ಷ ವೆರೋನಾದ ‘ಲಾ ನೂವಾ ಅರೇನಾ’ ಪತ್ರಿಕೆಯಲ್ಲಿ ‘ಮಲೇಷ್ಯಾದ ಹುಲಿ’ ಎಂಬ ಧಾರಾವಾಹಿ ಕಾದಂಬರಿ ಶುರುವಾಯಿತು. ನಾಯಕ ಸಂಡೋಕನ್. ಬೋರ್ನಿಯೋ ದ್ವೀಪದ ಕಡೆಯ ರಾಜಕುಮಾರ. ಬಿಳಿಯರಿಂದ ರಾಜ್ಯವನ್ನೂ ಮನೆಮಂದಿಯನ್ನೂ ಕಳೆದುಕೊಂಡು ಕಡಲ್ಗಳ್ಳನಾದವನು. ಓದುಗರು ಮುಂದಿನ ಕಂತಿಗಾಗಿ ಕಾಯತೊಡಗಿದರು. ಸಲ್ಗಾರಿ ಅದೇ ಪತ್ರಿಕೆಯಲ್ಲಿ ಸುದ್ದಿಗಾರನಾದ.

ಹಡಗು ಹತ್ತದವನಿಗೆ ಇಷ್ಟೆಲ್ಲ ವಿವರ ಎಲ್ಲಿಂದ ಸಿಕ್ಕಿತು? ಉತ್ತರ ಸರಳ. ಸಾರ್ವಜನಿಕ ಗ್ರಂಥಾಲಯದಿಂದ. ಭೂಪಟಗಳು, ವಿಶ್ವಕೋಶಗಳು, ಪ್ರವಾಸಿಗರ ಟಿಪ್ಪಣಿಗಳು, ಚಿತ್ರಸಹಿತ ಪ್ರವಾಸ ಪತ್ರಿಕೆಗಳು ಇವೇ ಅವನ ಸಾಗರ. ಮರ, ಪ್ರಾಣಿ, ಆಯುಧ, ಹಡಗಿನ ಹಾಯಿ ಎಲ್ಲದರ ಹೆಸರನ್ನೂ ಹೆಕ್ಕಿ ತೆಗೆದು ಕಥೆಯೊಳಗೆ ಸೇರಿಸುತ್ತಿದ್ದ. ನಾಯಕ ಕಾಡಿನಲ್ಲಿ ಪ್ರಾಣ ಉಳಿಸಿಕೊಳ್ಳಲು ಓಡುತ್ತಿರುವಾಗಲೂ ಕಥೆ ನಿಲ್ಲಿಸಿ ಒಂದು ಮರದ ಗುಣವನ್ನು ವಿವರಿಸುವುದು ಅವನ ಅಭ್ಯಾಸ. ವಿಮರ್ಶಕರು ಅದನ್ನು ಹಳಿದರು. ಶಾಲೆಯ ಮೆಟ್ಟಿಲು ಹತ್ತಿ ಅಷ್ಟೇ ಬಿಟ್ಟ ಎಷ್ಟೋ ಮಕ್ಕಳಿಗೆ ಪ್ರಪಂಚದ ಭೂಗೋಳ ಕಲಿಸಿದ್ದು ಅದೇ ಅಭ್ಯಾಸ.

ಮೂವರು ಅಣ್ಣತಮ್ಮಂದಿರ ಕಥೆ

ಸಲ್ಗಾರಿಯ ಕಾದಂಬರಿಗಳಲ್ಲಿ ಅತ್ಯಂತ ಜನಪ್ರಿಯವಾದವುಗಳಲ್ಲಿ ಒಂದು 1898ರಲ್ಲಿ ಪುಸ್ತಕವಾಗಿ ಬಂದ ‘ಕಪ್ಪು ಕಡಲ್ಗಳ್ಳ’. ಕಥೆ ನಡೆಯುವುದು 17ನೇ ಶತಮಾನದ ಕೆರಿಬಿಯನ್ ಸಮುದ್ರದಲ್ಲಿ. ಟೊರ್ಟುಗಾ ದ್ವೀಪದಲ್ಲಿ ನೆಲೆಯೂರಿದ ಕಡಲ್ಗಳ್ಳರು ಸ್ಪೇನಿನ ಹಡಗುಗಳನ್ನೂ ಬಂದರುಗಳನ್ನೂ ದೋಚುತ್ತಿದ್ದದ್ದು ಚರಿತ್ರೆ. ಲೊಲೊನೆ ಎಂಬ ಫ್ರೆಂಚ್ ಕಡಲ್ಗಳ್ಳ ಮರಕೈಬೊ ಪಟ್ಟಣವನ್ನು ಸೂರೆ ಮಾಡಿದ್ದೂ ನಡೆದ ಘಟನೆಯೇ. ಆ ಚರಿತ್ರೆಯ ನಡುವೆ ಸಲ್ಗಾರಿ ತನ್ನ ಕಲ್ಪನೆಯ ಅಣ್ಣತಮ್ಮಂದಿರನ್ನು ತಂದು ನಿಲ್ಲಿಸಿದ.

ಇಟಲಿಯ ಒಂದು ದೊಡ್ಡ ಮನೆತನಕ್ಕೆ ಸೇರಿದ ಮೂವರು. ಒಬ್ಬನದು ಕಪ್ಪು ಉಡುಪು, ಒಬ್ಬನದು ಕೆಂಪು, ಇನ್ನೊಬ್ಬನದು ಹಸಿರು. ಇವರೊಂದಿಗೆ ಹುಟ್ಟಿದ ಇನ್ನೊಬ್ಬನನ್ನು ವಾನ್ ಗುಲ್ಡ್ ಎಂಬ ಅಧಿಕಾರಿ ದ್ರೋಹದಿಂದ ಕೊಂದಿದ್ದ. ಆ ಸೇಡಿಗಾಗಿ ಮೂವರೂ ಅವನನ್ನು ಅರಸಿ ಅಮೆರಿಕದ ಕಡಲಿಗೆ ಬಂದರು. ಮರಕೈಬೊದ ಗವರ್ನರ್ ಆಗಿದ್ದ ವಾನ್ ಗುಲ್ಡ್ ಹಸಿರು ಉಡುಪಿನವನನ್ನೂ ಕೆಂಪು ಉಡುಪಿನವನನ್ನೂ ಹಿಡಿದು ಗಲ್ಲಿಗೇರಿಸಿದ. ಉಳಿದವನು ಕಪ್ಪು ಉಡುಪಿನವನೊಬ್ಬನೇ.

ಕಥೆಯ ಮೊದಲ ಸಾಹಸವೇ ಮೈ ಜುಮ್ಮೆನ್ನಿಸುತ್ತದೆ. ತಮ್ಮನ ಶವ ಶತ್ರುವಿನ ಪಟ್ಟಣದ ಚೌಕದಲ್ಲಿ ನೇತಾಡುತ್ತಿದೆ ಎಂದು ತಿಳಿದಾಗ ಆತ ಇಡೀ ಸೈನ್ಯವನ್ನು ಕರೆದುಕೊಂಡು ಹೋಗುವುದಿಲ್ಲ. ಕಾರ್ಮೊ ಮತ್ತು ವಾನ್ ಸ್ಟಿಲ್ಲರ್ ಎಂಬ ಇಬ್ಬರು ನಾವಿಕರ ಜೊತೆ ಕತ್ತಲಲ್ಲಿ ಊರೊಳಗೆ ನುಗ್ಗುತ್ತಾನೆ. ಕಾಡಂಚಿನಲ್ಲಿ ವಾಸವಿದ್ದ ಮೊಕೊ ಎಂಬ ಆಫ್ರಿಕಾ ಮೂಲದವನು ಅವರಿಗೆ ನೆರವಾಗುತ್ತಾನೆ. ಸತ್ತವನನ್ನು ಬಿಡಿಸಿ ತರಲು ಬದುಕಿದವರು ಪ್ರಾಣ ಒತ್ತೆಯಿಡುತ್ತಾರೆ. ಶವವನ್ನು ಕಡಲಿಗೆ ಒಪ್ಪಿಸುವ ರಾತ್ರಿ ಆತ ವಾನ್ ಗುಲ್ಡ್‌ನ ವಂಶದಲ್ಲಿ ಒಬ್ಬರನ್ನೂ ಉಳಿಸುವುದಿಲ್ಲ ಎಂದು ಶಪಥ ಮಾಡುತ್ತಾನೆ.

ಆ ಶಪಥವೇ ಅವನಿಗೆ ಉರುಳಾಗುತ್ತದೆ. ವಶಪಡಿಸಿಕೊಂಡ ಸ್ಪೇನಿನ ಹಡಗಿನಲ್ಲಿ ಸಿಕ್ಕ ಹೊನೊರಾಟಾ ಎಂಬ ತರುಣಿಗೆ ಆತ ಮನಸೋಲುತ್ತಾನೆ. ಆಕೆ ವಾನ್ ಗುಲ್ಡ್‌ನ ಮಗಳು ಎಂದು ಗೊತ್ತಾಗುವುದು ಕೊನೆಗೆ. ಕೊಲ್ಲಲು ಕೈ ಬಾರದು, ಮಾತು ಮುರಿಯಲು ಮನಸ್ಸು ಬಾರದು. ಆಕೆಯನ್ನು ಒಂದು ದೋಣಿಯಲ್ಲಿ ಕೂರಿಸಿ ಬಿರುಗಾಳಿ ಏಳುತ್ತಿರುವ ಕಡಲಿನಲ್ಲಿ ಬಿಟ್ಟುಬಿಡುತ್ತಾನೆ. ಯಾರಿಗೂ ಅಂಜದ ಕಡಲ್ಗಳ್ಳ ಹಡಗಿನ ಮೇಲೆ ಕುಸಿದು ಅಳುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಮುಂದೇನಾಯಿತು ಎಂದು ತಿಳಿಯಲು ಓದುಗರು 1901ರಲ್ಲಿ ‘ಕೆರಿಬಿಯನ್ನಿನ ರಾಣಿ’ ಬರುವವರೆಗೆ ಕಾಯಬೇಕಾಯಿತು. ಆಮೇಲೆ ಅವನ ಮಗಳು ಯೊಲಾಂಡಾಳ ಕಥೆಯೂ ಬಂತು.

ಭಾರತದ ನಂಟು

ನಮಗೆ ಸಲ್ಗಾರಿ ಹತ್ತಿರದವನಾಗುವುದು ಇನ್ನೊಂದು ಕಾರಣಕ್ಕೆ. 1895ರ ‘ಕಪ್ಪು ಕಾಡಿನ ರಹಸ್ಯಗಳು’ ನಡೆಯುವುದು ಬಂಗಾಳದ ಸುಂದರಬನದಲ್ಲಿ. ನಾಯಕ ತ್ರೆಮಲ್ ನಾಯಕ್ ಎಂಬ ಬೇಟೆಗಾರ. ಅವನ ನಂಬಿಕಸ್ಥ ಸಂಗಾತಿ ಕಮ್ಮಮುರಿ ಮರಾಠ. ಸಂಡೋಕನ್‌ನ ಗೆಳೆಯ, ಪೋರ್ಚುಗೀಸ್ ಯಾನೆಜ್ ಮದುವೆಯಾಗುವುದು ಅಸ್ಸಾಮಿನ ರಾಜಕುಮಾರಿ ಸುರಮಾಳನ್ನು. 1904ರ ‘ಎರಡು ಹುಲಿಗಳು’ ಕಾದಂಬರಿ 1857ರ ದಂಗೆಯ ಕಾಲದ ದಿಲ್ಲಿಯವರೆಗೂ ಹೋಗುತ್ತದೆ.

ಅವನ ಭಾರತ ಪುಸ್ತಕದ ಭಾರತ ಎಂಬುದನ್ನು ಮರೆಯಬಾರದು. ಕಾಳಿಗೆ ನರಬಲಿ ಕೊಡುವ ಥಗ್ಗರ ಕಥೆಯನ್ನು ಆತ ಅಂದಿನ ಯುರೋಪಿಯನ್ ಪುಸ್ತಕಗಳಿಂದ ಎತ್ತಿ, ಇನ್ನಷ್ಟು ಬಣ್ಣ ಹಚ್ಚಿ ಬರೆದ. ಅದನ್ನು ನಾವು ಚರಿತ್ರೆ ಎಂದು ಒಪ್ಪಬೇಕಿಲ್ಲ. ಆದರೆ ಯುರೋಪಿನ ಸಾಹಸ ಕಥೆಗಳಲ್ಲಿ ಬಿಳಿಯನೇ ವೀರ, ಏಷ್ಯಾದವನು ಒಂದೋ ಸೇವಕ ಇಲ್ಲವೇ ಖಳ ಎಂಬಂತಿದ್ದ ಕಾಲದಲ್ಲಿ ಆತ ಏಷ್ಯಾದ ರಾಜಕುಮಾರನನ್ನು ನಾಯಕನನ್ನಾಗಿಸಿದ. ಸರವಾಕ್‌ನ ಬಿಳಿಯ ರಾಜ ಎನಿಸಿಕೊಂಡ ಜೇಮ್ಸ್ ಬ್ರೂಕ್ ಇಂಗ್ಲಿಷರಿಗೆ ವೀರ, ಸಲ್ಗಾರಿಗೆ ಶತ್ರು. ಪೋರ್ಚುಗೀಸರು ಕಡಲ್ಗಳ್ಳರೆಂದು ಕರೆದ ಕುಂಞಾಲಿ ಮರಕ್ಕಾರರನ್ನು ವೀರರೆಂದು ನೆನೆಯುವ ನಾಡಿನ ನಮಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಗಾಣದೆತ್ತಿನ ಬಾಳು

1892ರಲ್ಲಿ ಸಲ್ಗಾರಿ ನಾಟಕದ ನಟಿ ಇಡಾ ಪೆರುಜ್ಜಿಯನ್ನು ಮದುವೆಯಾದ. ಪ್ರೀತಿಯಿಂದ ಆಕೆಯನ್ನು ಐಡಾ ಎಂದು ಕರೆಯುತ್ತಿದ್ದ. ನಾಲ್ವರು ಮಕ್ಕಳು. ಫಾತಿಮಾ, ನಾದಿರ್, ರೊಮೆರೊ, ಒಮರ್. ಮಕ್ಕಳ ಹೆಸರಿನಲ್ಲೂ ದೂರ ದೇಶದ ಗಾಳಿ! ಸಂಸಾರ ವೆರೋನಾ ಬಿಟ್ಟು ಟುರಿನ್‌ಗೆ, ಅಲ್ಲಿಂದ ಜಿನೋವಾ ಕಡೆಗೆ, ಮತ್ತೆ ಟುರಿನ್‌ಗೆ ಎಂದು ಪ್ರಕಾಶಕರ ಹಿಂದೆ ಅಲೆಯಿತು. 1897ರಲ್ಲಿ ಇಟಲಿಯ ಅರಸೊತ್ತಿಗೆ ಅವನಿಗೆ ಕವಲಿಯೆರೆ ಎಂಬ ಗೌರವ ಬಿರುದು ನೀಡಿತು. ಬಿರುದಿನಿಂದ ಒಲೆ ಉರಿಯುವುದಿಲ್ಲವಲ್ಲ.

ನಮ್ಮ ಕಡೆ ಅಡಿಕೆ ತೋಟದ ಫಸಲನ್ನು ಮರದಲ್ಲಿರುವಾಗಲೇ ಒಟ್ಟು ಮೊತ್ತಕ್ಕೆ ಗುತ್ತಿಗೆ ಕೊಡುವುದುಂಟು. ಆಮೇಲೆ ದರ ಎಷ್ಟೇ ಏರಲಿ, ತೋಟದವನಿಗೆ ಅದರಲ್ಲಿ ಪಾಲಿಲ್ಲ. ಸಲ್ಗಾರಿಯ ಒಪ್ಪಂದಗಳೂ ಹಾಗೆಯೇ. ವರ್ಷಕ್ಕೆ ಇಷ್ಟು ಕಾದಂಬರಿ, ಅದಕ್ಕೆ ಇಷ್ಟು ಲಿರಾ. ಪುಸ್ತಕ ಎಷ್ಟು ಸಾವಿರ ಮಾರಾಟವಾದರೂ ಲೇಖಕನಿಗೆ ನಿಗದಿಯಾದ ಹಣ ಮಾತ್ರ. ಒಬ್ಬ ಪ್ರಕಾಶಕನಿಗೆ ಕಟ್ಟುಬಿದ್ದಿದ್ದರಿಂದ ಬೇರೆಯವರಿಗೆ ಬರೆಯಬೇಕಾದಾಗ ಗುಯಿಡೊ ಆಲ್ಟಿಯೆರಿ ಮುಂತಾದ ಸುಳ್ಳು ಹೆಸರುಗಳ ಮೊರೆಹೋದ. 1904ರಿಂದ ಒಂದು ಸಾಹಸ ವಾರಪತ್ರಿಕೆಯ ಹೊಣೆಯೂ ಹೆಗಲೇರಿತು. ಸಿಗರೇಟು ಸುಡುತ್ತಾ, ರಾತ್ರಿ ನಿದ್ದೆಗೆಟ್ಟು, ಹಿಂದಿನ ಹಾಳೆಯನ್ನು ತಿರುಗಿ ನೋಡಲೂ ಪುರುಸೊತ್ತಿಲ್ಲದೆ ಬರೆದ. 1906ರಲ್ಲಿ ಫ್ಲಾರೆನ್ಸಿನ ಬೆಂಪೊರಾಡ್ ಸಂಸ್ಥೆಯೊಂದಿಗೆ ಇನ್ನೂ ಹೆಚ್ಚಿನ ಹಣದ ಒಪ್ಪಂದವಾಯಿತು. ಆದರೂ ಸಾಲ, ಕಾಯಿಲೆ, ದಣಿವು ತಪ್ಪಲಿಲ್ಲ. ಕಣ್ಣಿನ ದೃಷ್ಟಿಯೂ ಕುಂದತೊಡಗಿತು.

ಕಾಲಂ ಅಳತೆಯ ಲೆಕ್ಕದಲ್ಲಿ ಸಂಭಾವನೆ ಪಡೆದ ಬಿಡಿ ವರದಿಗಾರರಿಗೆ ಈ ಕಥೆ ಓದುವಾಗ ಎದೆ ಸ್ವಲ್ಪ ಭಾರವಾಗುತ್ತದೆ. ಈ ಲೇಖಕನಿಗೂ ಆಯಿತು.

1911ರ ಏಪ್ರಿಲ್

ಮನೆಯೊಳಗಿನ ಕಷ್ಟ ಐಡಾಳ ಮನಸ್ಸನ್ನು ಕದಡಿತು. 1911ರ ಏಪ್ರಿಲಿನಲ್ಲಿ ಆಕೆಯನ್ನು ಮನೋರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಖಾಸಗಿ ಚಿಕಿತ್ಸೆಗೆ ಹಣವಿರಲಿಲ್ಲ. ಕೆಲವೇ ದಿನಗಳಲ್ಲಿ, ಏಪ್ರಿಲ್ 25ರಂದು, ಸಲ್ಗಾರಿ ಟುರಿನ್ ಬಳಿಯ ಗುಡ್ಡದ ಕಾಡಿಗೆ ಹೋಗಿ ಪ್ರಾಣ ಕಳೆದುಕೊಂಡ. ವಯಸ್ಸು 48. ಅವನ ತಂದೆಯೂ 1889ರಲ್ಲಿ ಹೀಗೆಯೇ ಹೋಗಿದ್ದ.

ಸಾಯುವ ಮೊದಲು ಆತ ಕಾಗದಗಳನ್ನು ಬರೆದಿಟ್ಟಿದ್ದ. ಮಕ್ಕಳಿಗೊಂದು. ಪತ್ರಿಕೆಗಳ ಸಂಪಾದಕರಿಗೊಂದು. ಪ್ರಕಾಶಕರಿಗೆ ಬರೆದದ್ದರಲ್ಲಿ ತನ್ನ ದುಡಿಮೆಯಿಂದ ಶ್ರೀಮಂತರಾದ ಅವರು ತನ್ನ ಶವಸಂಸ್ಕಾರದ ಖರ್ಚನ್ನಾದರೂ ನೋಡಿಕೊಳ್ಳಲಿ ಎಂದು ಕೇಳಿದ್ದ. ಇಟಲಿ ಒಂದಾಗಿ 50 ವರ್ಷವಾದ ಸಂಭ್ರಮಕ್ಕೆ ಟುರಿನ್‌ನಲ್ಲಿ ಆಗ ಅಂತಾರಾಷ್ಟ್ರೀಯ ವಸ್ತುಪ್ರದರ್ಶನದ ಸಿದ್ಧತೆ. ಏಪ್ರಿಲ್ 29ರಂದು ಅದರ ಉದ್ಘಾಟನೆ. ಆ ಗದ್ದಲದಲ್ಲಿ ಮಕ್ಕಳ ಮೆಚ್ಚಿನ ಲೇಖಕನ ಅಂತಿಮ ಯಾತ್ರೆಯನ್ನು ಗಮನಿಸಿದವರು ಕಡಿಮೆ.

ದುರಂತ ಅಲ್ಲಿಗೂ ನಿಲ್ಲಲಿಲ್ಲ. ಮಗಳು ಫಾತಿಮಾ 1914ರಲ್ಲಿ ಕ್ಷಯದಿಂದ ತೀರಿಕೊಂಡಳು. ಐಡಾ 1922ರಲ್ಲಿ ಆಸ್ಪತ್ರೆಯಲ್ಲೇ ಕಣ್ಣು ಮುಚ್ಚಿದಳು. ಗಂಡುಮಕ್ಕಳಿಗೂ ನೆಮ್ಮದಿಯ ಸಾವು ಬರಲಿಲ್ಲ. ಇತ್ತ ಸಲ್ಗಾರಿಯ ಹೆಸರಿಗೆ ಬೇಡಿಕೆ ಎಷ್ಟಿತ್ತೆಂದರೆ, ಆತ ಬರೆಯದ ಹತ್ತಾರು ಕಾದಂಬರಿಗಳು ಅವನ ಹೆಸರಿನಲ್ಲೇ ಮಾರುಕಟ್ಟೆಗೆ ಬಂದವು! ಬದುಕಿದ್ದಾಗ ಅವನ ಬರಹ ಮಾರಾಟವಾಯಿತು, ಸತ್ತ ಮೇಲೆ ಹೆಸರೂ ಮಾರಾಟವಾಯಿತು.

ಇಟಲಿ, ಸ್ಪೇನ್, ಪೋರ್ಚುಗಲ್, ದಕ್ಷಿಣ ಅಮೆರಿಕಗಳಲ್ಲಿ ತಲೆಮಾರುಗಳ ಮಕ್ಕಳು ಅವನ ಪುಸ್ತಕ ಹಿಡಿದೇ ಓದಿನ ರುಚಿ ಕಂಡರು. ಕಥೆಯಲ್ಲಿ ಆತ ಎಷ್ಟೋ ಜನರನ್ನು ಸೆರೆಯಿಂದ, ಬೆಂಕಿಯಿಂದ, ಮುಳುಗುವ ಹಡಗಿನಿಂದ ಪಾರುಮಾಡಿದ. ಅವನನ್ನು ಪಾರುಮಾಡಲು ಒಂದು ನ್ಯಾಯವಾದ ಒಪ್ಪಂದ ಸಾಕಾಗುತ್ತಿತ್ತೋ ಏನೋ. ನಮ್ಮ ಮನೆಯ ಮಗುವೊಂದು ಸಾಹಸದ ಪುಸ್ತಕ ಹಿಡಿದು ಊಟವನ್ನೂ ಮರೆತು ಕೂತಿದ್ದರೆ, ಬೈಯುವ ಮೊದಲು ಅದನ್ನು ಬರೆದವರು ಯಾರು ಎಂದು ಒಮ್ಮೆ ಕೇಳಿ ನೋಡೋಣ. ಬರೆದವನ ಹೆಸರು ಓದುವವನಿಗೆ ಗೊತ್ತಿರಲಿ.