ಬೀಳಗಿಯ ಕಂಠ, ಮುಂಬಯಿಯ ಕೀರ್ತಿ: ಅಮೀರ್‌ಬಾಯಿ ಕರ್ನಾಟಕಿ

ಹಿಂದಿ ಚಿತ್ರಗೀತೆಗಳ ಲೋಕದಲ್ಲಿ ನಾಡಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡು ಮೆರೆದ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ. ಅವರ ಹುಟ್ಟೂರು ಅಂದಿನ ವಿಜಾಪುರ ಜಿಲ್ಲೆಯ ಬೀಳಗಿ. ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಯ ಜಾತ್ರೆಗಳಲ್ಲಿ ನಾಟಕ ಕಂಪನಿಗಳು ಬಿಡಾರ ಹೂಡುತ್ತಿದ್ದ ಕಾಲವದು. ರಂಗಸಂಗೀತವೇ ಅಮೀರ್‌ಬಾಯಿಯವರ ಕುಟುಂಬದ ಬದುಕಾಗಿತ್ತು. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಮಂಡಳಿಯನ್ನು ಸೇರಿದರೆ, ಅಮೀರ್‌ಬಾಯಿ ಮುಂಬಯಿಯ ಚಿತ್ರರಂಗದತ್ತ ಹೊರಳಿದರು.

1934ರಲ್ಲಿ 'ವಿಷ್ಣುಭಕ್ತಿ' ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದ ಅವರು ಆರಂಭದಲ್ಲಿ ನಟಿಯಾಗಿ, ಗಾಯಕಿಯಾಗಿ ದುಡಿದರು. ನಿಜವಾದ ಯಶಸ್ಸು ದೊರೆತದ್ದು 1943ರ 'ಕಿಸ್ಮತ್' ಚಿತ್ರದಿಂದ. ಕ್ವಿಟ್ ಇಂಡಿಯಾ ಚಳವಳಿಯ ಕಾವು ಆರದ ಆ ದಿನಗಳಲ್ಲಿ, ಕವಿ ಪ್ರದೀಪ್ ಬರೆದು ಅನಿಲ್ ಬಿಸ್ವಾಸ್ ರಾಗ ಸಂಯೋಜಿಸಿದ ದೇಶಭಕ್ತಿಗೀತೆಗೆ ಅವರು ದನಿಯಾದರು. ಹಾಡಿನಲ್ಲಿ ಜರ್ಮನಿ, ಜಪಾನುಗಳ ಹೆಸರಿದ್ದುದರಿಂದ ಅದು ಬ್ರಿಟಿಷ್ ಸೆನ್ಸಾರಿನ ಕಣ್ತಪ್ಪಿಸಿತು. ಕೇಳಿದ ಜನರಿಗೆ ಮಾತ್ರ ಅದರ ಗುರಿ ಯಾರೆಂಬುದು ತಿಳಿದಿತ್ತು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು.

ನಂತರ ನೌಶಾದ್ ಸಂಗೀತದ 'ರತನ್' (1944), ಸಿ. ರಾಮಚಂದ್ರ ಅವರ 'ಶೆಹನಾಯಿ' (1947) ಚಿತ್ರಗಳ ಗೀತೆಗಳು ಅಮೀರ್‌ಬಾಯಿಯವರ ಕೀರ್ತಿಯನ್ನು ಹೆಚ್ಚಿಸಿದವು. 1948ರ 'ಶೆಹನಾಜ್' ಚಿತ್ರಕ್ಕೆ ಸ್ವತಃ ಸಂಗೀತ ನೀಡಿದರು. ಮಹಿಳಾ ಸಂಗೀತ ನಿರ್ದೇಶಕರು ಬೆರಳೆಣಿಕೆಯಷ್ಟಿದ್ದ ಆ ಕಾಲಕ್ಕೆ ಇದು ಸಣ್ಣ ಸಾಧನೆಯಲ್ಲ.

ಆದರೆ ಕೀರ್ತಿಯಷ್ಟು ಸುಖ ಸಂಸಾರದಲ್ಲಿರಲಿಲ್ಲ. ನಟ ಹಿಮಾಲಯವಾಲಾರೊಡನೆ ನಡೆದ ವಿವಾಹ ಕಹಿಯಾಗಿ ಮುರಿಯಿತು. ವೃತ್ತಿಯಲ್ಲೂ ಗಾಳಿ ಬದಲಾಯಿತು. 1949ರಲ್ಲಿ 'ಮಹಲ್', 'ಬರ್ಸಾತ್' ಚಿತ್ರಗಳ ಮೂಲಕ ಲತಾ ಮಂಗೇಶ್ಕರ್ ಅವರ ತೆಳುವಾದ, ಎತ್ತರದ ಸ್ಥಾಯಿಯ ಕಂಠ ಹೊಸ ಅಭಿರುಚಿಯನ್ನೇ ರೂಪಿಸಿತು. ಧ್ವನಿವರ್ಧಕವಿಲ್ಲದ ರಂಗದ ಮೇಲೆ ಬೆಳೆದ ಗಟ್ಟಿ ದನಿಗಳಿಗೆ ಬೇಡಿಕೆ ಕುಗ್ಗಿತು. ಜೋಹ್ರಾಬಾಯಿ ಅಂಬಾಲೆವಾಲಿ ಮೊದಲಾದವರಂತೆ ಅಮೀರ್‌ಬಾಯಿಯೂ ಹಿನ್ನೆಲೆಗೆ ಸರಿದು, ಸಣ್ಣಪುಟ್ಟ ಪಾತ್ರಗಳಿಗೆ ಮರಳಬೇಕಾಯಿತು.

ಮುಂಬಯಿಯಲ್ಲಿ ಗಳಿಸಿದರೂ ಅವರು ತವರನ್ನು ಮರೆತಿರಲಿಲ್ಲ. ವಿಜಾಪುರದಲ್ಲಿ ಅವರು ಕಟ್ಟಿಸಿದ ಅಮೀರ್ ಟಾಕೀಸು ಇದಕ್ಕೆ ಸಾಕ್ಷಿಯಾಗಿತ್ತು. 1965ರಲ್ಲಿ ಅವರು ಕೊನೆಯುಸಿರೆಳೆದರು. ಬಹುಕಾಲ ಮರೆವಿಗೆ ಸಂದಿದ್ದ ಈ ಕಲಾವಿದೆಯ ಬದುಕನ್ನು ಕನ್ನಡಿಗರ ಮುಂದೆ ಮತ್ತೆ ತಂದವರು ವಿದ್ವಾಂಸ ರಹಮತ್ ತರೀಕೆರೆ. ಹಳೆಯ ಗ್ರಾಮಫೋನ್ ತಟ್ಟೆಗಳ ಮೇಲೆ ಅಚ್ಚಾದ 'ಕರ್ನಾಟಕಿ' ಎಂಬ ಹೆಸರು, ಈ ಮಣ್ಣಿನ ದನಿಯೊಂದು ದೇಶವನ್ನೇ ತಲುಪಿದ್ದ ಕಥೆಯನ್ನು ಹೇಳುತ್ತದೆ.