50 ಹರ್ಟ್ಸ್ ಗುಂಯ್ ಸದ್ದು ಮತ್ತು ದರ್ಜಿಯ ಮಗ

ಮೂರನೇ ಸೆಮಿಸ್ಟರ್‌ನ ಗಣಿತದಲ್ಲಿ ನನಗೆ ಬ್ಯಾಕ್ ಬಿದ್ದದ್ದೇ ಫೋರಿಯರ್ ಎಂಬ ಮನುಷ್ಯನಿಂದ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಸರಣಿಯ ಸೂತ್ರ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಸೈನ್ ಎಲ್ಲಿ, ಕಾಸ್ ಎಲ್ಲಿ ಎಂದು ಮರೆತವನು ನಾನೇ ಅನ್ನುವುದು ಬೇರೆ ಮಾತು.

ಅವನ ಸಹವಾಸ ಮತ್ತೆ ಆದದ್ದು ಹಾಸ್ಟೆಲ್ ರೂಮಿನಲ್ಲಿ. ನಮ್ಮ ಬ್ಯಾಂಡ್‌ನ ಹಾಡೊಂದನ್ನು ನಾವೇ ರೆಕಾರ್ಡ್ ಮಾಡಿದ್ದೆವು. ಮಾಸ್ಟರಿಂಗ್ ಕೆಲಸ ನನ್ನ ಪಾಲಿಗೆ ಬಂತು. ಹಾಡಿನುದ್ದಕ್ಕೂ ಕರೆಂಟಿನ ಗುಂಯ್ ಸದ್ದು. ನಮ್ಮ ಕರೆಂಟು 50 ಹರ್ಟ್ಸ್, ಗೆಳೆಯನ ಬೇಸ್ ಗಿಟಾರಿನ ಎ ತಂತಿ 55 ಹರ್ಟ್ಸ್. ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಎರಡೂ ಸೇರಿ ಒಂದೇ ಗುಡ್ಡದಂತೆ ಕಂಡವು. ಇಕ್ವಲೈಸರ್‌ನಲ್ಲಿ ಆ ಗುಡ್ಡವನ್ನೇ ತಗ್ಗಿಸಿದೆ. ಗುಂಯ್ ಹೋಯಿತು, ಬೇಸೂ ಹೋಯಿತು. ಗೆಳೆಯ ಎರಡು ದಿನ ಮಾತು ಬಿಟ್ಟ.

ತಪ್ಪು ಎಲ್ಲಿತ್ತು ಅಂದರೆ, ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಹಾಡಿಗೆ ನಾನು ಎಫ್‌ಎಫ್‌ಟಿ ಸೈಜ್ 1024 ಇಟ್ಟಿದ್ದೆ. ಭಾಗಿಸಿದರೆ ಸುಮಾರು 43. ಅಂದರೆ 43 ಹರ್ಟ್ಸ್‌ಗೊಂದು ಡಬ್ಬಿ, 50 ಮತ್ತು 55 ಎರಡೂ ಒಂದೇ ಡಬ್ಬಿಯೊಳಗೆ. 1024 ಸ್ಯಾಂಪಲ್ ಎಂದರೆ ಬರೀ 23 ಮಿಲಿಸೆಕೆಂಡ್. ಅಷ್ಟರಲ್ಲಿ ಎರಡು ಅಲೆಗಳೂ ಒಂದು ಸುತ್ತು ಮುಗಿಸಿ ಚೂರು ಮುಂದೆ ಹೋಗಿರುತ್ತವೆ. ಮೊದಲ ಸುತ್ತಿನಲ್ಲಿ ಜೊತೆಜೊತೆಗೇ ಓಡುವ ಇಬ್ಬರಲ್ಲಿ ಯಾರು ವೇಗದವರು ಎಂದು ಹೇಗೆ ಹೇಳುವುದು? ಸೈಜನ್ನು 32,768ಕ್ಕೆ ಏರಿಸಿದಾಗ ಡಬ್ಬಿ 1.35 ಹರ್ಟ್ಸ್‌ಗೆ ಇಳಿದು, ಗುಡ್ಡ ಎರಡಾಗಿ ಸೀಳಿತು. ಆದರೆ ಅದಕ್ಕೆ ಮುಕ್ಕಾಲು ಸೆಕೆಂಡಿನಷ್ಟು ಹಾಡು ಬೇಕು, ಹಾಗಾಗಿ ಡ್ರಮ್ಮಿನ ಪೆಟ್ಟು ಯಾವ ಕ್ಷಣದಲ್ಲಿ ಬಿತ್ತು ಎಂಬುದು ಕಲಸಿಹೋಗುತ್ತದೆ. ಇಕ್ವಲೈಸರ್‌ಗೂ ಇದೇ ಕಟ್ಟಳೆ. ಕಡಿತ ಕಿರಿದಾದಷ್ಟೂ ಅದರ ಬಾಲ ಹೆಚ್ಚು ಹೊತ್ತು ಗುನುಗುತ್ತದೆ. ಎಷ್ಟು ದುಡ್ಡು ಕೊಟ್ಟು ಸಾಫ್ಟ್‌ವೇರ್ ತಂದರೂ ಇದರಲ್ಲಿ ರಿಯಾಯಿತಿ ಇಲ್ಲ.

ಇದರ ಬೇರು ಹುಡುಕುತ್ತಾ ಹೋದಾಗ, ಸೂತ್ರದ ಹಿಂದಿದ್ದ ಜೋಸೆಫ್ ಫೋರಿಯರ್ ಸಿಕ್ಕ. 1768ರಲ್ಲಿ ಫ್ರಾನ್ಸ್‌ನ ಓಸೇರ್ ಎಂಬ ಊರಿನಲ್ಲಿ ಹುಟ್ಟಿದ ದರ್ಜಿಯ ಮಗ. ಹತ್ತು ವರ್ಷ ಆಗುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಪಾದ್ರಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಓದು. ಉರಿದುಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಟ್ಟು ರಾತ್ರಿ ಗಣಿತ ಮಾಡುತ್ತಿದ್ದನಂತೆ. ಫಿರಂಗಿ ದಳ ಸೇರುವ ಆಸೆ ಇತ್ತು, ಆದರೆ ಕುಲೀನ ಮನೆತನದವನಲ್ಲ ಎಂದು ಬಾಗಿಲು ಮುಚ್ಚಿತು. ಅರ್ಹತೆ ಇದ್ದೂ ಅರ್ಜಿ ವಾಪಸಾದವರಿಗೆ ಈ ಸಂಕಟ ಗೊತ್ತಿರುತ್ತದೆ.

ಬೇರೆ ದಾರಿ ಕಾಣದೆ ಸನ್ಯಾಸಿಯಾಗಲು ಮಠ ಸೇರಿದ. ಅಲ್ಲಿಂದ ಗುರುಗಳೊಬ್ಬರಿಗೆ ಬರೆದ ಪತ್ರದಲ್ಲಿ, ತನಗೆ 21 ತುಂಬಿತು, ಇದೇ ವಯಸ್ಸಿಗೆ ನ್ಯೂಟನ್ ಮತ್ತು ಪ್ಯಾಸ್ಕಲ್ ಎಷ್ಟೆಲ್ಲ ಸಾಧಿಸಿದ್ದರು ಎಂದು ಕೊರಗಿದ್ದಾನೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ನನಗೀಗ ಇಪ್ಪತ್ತು.

1789ರಲ್ಲಿ ದೀಕ್ಷೆ ತೆಗೆದುಕೊಳ್ಳದೇ ಮಠ ಬಿಟ್ಟ. ಕ್ರಾಂತಿಯಲ್ಲಿ ಕೈಹಾಕಿ 1794ರಲ್ಲಿ ಜೈಲು ಸೇರಿದ. ರೋಬೆಸ್ಪಿಯರ್ ಉರುಳಿದ್ದರಿಂದ ತಲೆ ಉಳಿಯಿತು. ಪ್ಯಾರಿಸ್‌ನಲ್ಲಿ ಪಾಠ ಹೇಳಿದ, 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟ್‌ಗೆ ಹೋದ. ವಾಪಸು ಬಂದ ಮೇಲೆ ಇಸೇರ್ ಪ್ರಾಂತದ ಆಡಳಿತಾಧಿಕಾರಿ, ನಮ್ಮ ಲೆಕ್ಕದಲ್ಲಿ ಡಿಸಿ ಇದ್ದ ಹಾಗೆ. ಗ್ರೆನೋಬ್ಲ್‌ನಲ್ಲಿ ಕಚೇರಿ, ಜೌಗು ಭೂಮಿ ಒಣಗಿಸುವುದು, ರಸ್ತೆ ಮಾಡಿಸುವುದು. ಶಾಖದ ಗಣಿತ ಹುಟ್ಟಿದ್ದು ಇಂಥ ಫೈಲುಗಳ ನಡುವೆ.

ಆತ ಯೋಚಿಸಿದ್ದು ಸಂಗೀತದ ಬಗ್ಗೆ ಅಲ್ಲವೇ ಅಲ್ಲ. ಲೋಹದ ಬಳೆಯೊಂದರ ಒಂದು ಕಡೆ ಕಾಯಿಸಿದರೆ ಬಿಸಿ ಹೇಗೆ ಹರಡುತ್ತದೆ ಎಂಬುದು ಪ್ರಶ್ನೆ. ಬಳೆಯ ಸುತ್ತಲಿನ ಉಷ್ಣತೆಯ ಏರಿಳಿತವನ್ನು ಸೈನ್, ಕಾಸ್ ಅಲೆಗಳ ಮೊತ್ತವಾಗಿ ಒಡೆದ. ಒಂದೊಂದು ಅಲೆಯೂ ತನ್ನ ಪಾಡಿಗೆ ತಾನು ಆರುತ್ತದೆ. ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು ವೇಗದಲ್ಲಿ, ಹತ್ತನೆಯದು ನೂರು ಪಟ್ಟು ವೇಗದಲ್ಲಿ. ಹಾಗಾಗಿ ಚೂಪಾದ ಏರಿಳಿತ ಮೊದಲು ಅಳಿಸಿಹೋಗಿ ನುಣುಪಾದದ್ದು ಉಳಿಯುತ್ತದೆ. ಟ್ರೆಬಲ್ ಗುಂಡಿಯನ್ನು ಮೆಲ್ಲಗೆ ಇಳಿಸುತ್ತಾ ಹೋದ ಹಾಗೆ. ತಣ್ಣಗಾಗುವ ಬಳೆಯೂ ಒಂದು ಇಕ್ವಲೈಸರ್ ಎಂದು ನಮಗೆ ಯಾರೂ ಕ್ಲಾಸಿನಲ್ಲಿ ಹೇಳಲಿಲ್ಲ. ಹೇಳಿದ್ದಾಗ ನಾನು ನಿದ್ದೆ ಹೋಗಿದ್ದರೂ ಇರಬಹುದು.

1807ರ ಡಿಸೆಂಬರ್‌ನಲ್ಲಿ ಪ್ರಬಂಧವನ್ನು ಪ್ಯಾರಿಸ್‌ಗೆ ಒಪ್ಪಿಸಿದ. ಪರೀಕ್ಷಕರ ಸಮಿತಿಯಲ್ಲಿ ಲಗ್ರಾಂಜ್, ಲಾಪ್ಲಾಸ್ ಇದ್ದರು. ಹೌದು, ನಮ್ಮ ಸಿಲೆಬಸ್‌ನ ಅದೇ ಲಾಪ್ಲಾಸ್. ಮೂಲೆ, ಮುರಿತ ಇರುವ ರೇಖೆಯನ್ನು ನುಣುಪಾದ ಅಲೆಗಳಿಂದ ಕಟ್ಟಬಹುದು ಎಂಬುದನ್ನು ಲಗ್ರಾಂಜ್ ಒಪ್ಪಲೇ ಇಲ್ಲ. ಪ್ರಬಂಧ ಅಚ್ಚಾಗಲಿಲ್ಲ. ಶಾಖದ ಮೇಲೆಯೇ ಬಹುಮಾನ ಸ್ಪರ್ಧೆ ಏರ್ಪಟ್ಟಾಗ 1811ರಲ್ಲಿ ತಿದ್ದಿ ಕಳಿಸಿದ. ಬಹುಮಾನ ಕೊಟ್ಟರು, ಆದರೆ ವಾದದಲ್ಲಿ ಬಿಗಿ ಸಾಲದು ಎಂಬ ಷರಾ ಜೊತೆಗೇ ಬಂತು. ಆಗಲೂ ಅಚ್ಚಿಲ್ಲ. ಆ ಷರಾ ಪೂರ್ತಿ ಸುಳ್ಳೂ ಆಗಿರಲಿಲ್ಲ. ಯಾವ ರೇಖೆಗೆ ಸರಣಿ ಒಪ್ಪುತ್ತದೆ ಎಂದು ಸರಿಯಾಗಿ ಸಾಧಿಸಿದವರು ನಂತರದ ಗಣಿತಜ್ಞರು. ಆದರೆ ಸರಿ ಇದ್ದವನು ಫೋರಿಯರ್.

ಆತನ ಪುಸ್ತಕ ಹೊರಬಂದದ್ದು 1822ರಲ್ಲಿ, ಮೊದಲ ಪ್ರಬಂಧದ ಹದಿನೈದು ವರ್ಷದ ನಂತರ. ಅದೇ ವರ್ಷ ವಿಜ್ಞಾನ ಅಕಾಡೆಮಿಯ ಕಾಯಂ ಕಾರ್ಯದರ್ಶಿಯೂ ಆದ. ಕುರ್ಚಿ ಸಿಕ್ಕ ಮೇಲೆ ಆ ಬಹುಮಾನಿತ ಪ್ರಬಂಧವನ್ನೂ ಅಕಾಡೆಮಿಯಿಂದಲೇ ಅಚ್ಚು ಹಾಕಿಸಿದ. ಈ ಹಟ ನನಗೆ ಬಹಳ ಇಷ್ಟ. ಈಜಿಪ್ಟ್‌ನಿಂದ ಬಂದಮೇಲೆ ಚಳಿ ಆಗುತ್ತಿರಲಿಲ್ಲವಂತೆ, ಸದಾ ಬೆಚ್ಚನೆಯ ಬಟ್ಟೆ ಸುತ್ತಿಕೊಂಡಿರುತ್ತಿದ್ದ. 1830ರ ಮೇನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ 62 ವರ್ಷ. ಆತನ ಲೆಕ್ಕವನ್ನು ಕಂಪ್ಯೂಟರ್ ಚಕಚಕನೆ ಮಾಡುವಂತೆ ಕೂಲಿ ಮತ್ತು ಟ್ಯೂಕಿ ಎಫ್‌ಎಫ್‌ಟಿ ವಿಧಾನ ಪ್ರಕಟಿಸಿದ್ದು 1965ರಲ್ಲಿ.

ನಮ್ಮ ಹಾಡು ಈಗ ಸರಿಯಾಗಿದೆ. 50ರಲ್ಲಿ ಒಂದು ಕಿರಿದಾದ ಕಡಿತ, ಗುಂಯ್ ಸದ್ದಿನ ಮರಿಗಳಿರುವ 100 ಮತ್ತು 150ರಲ್ಲಿ ಒಂದೊಂದು. 55 ಹಾಗೇ ಇದೆ. ಗೆಳೆಯ ಹೆಡ್‌ಫೋನ್ ಹಾಕಿ ಎರಡು ಸಲ ಕೇಳಿದ, ಏನೂ ಹೇಳದೆ ಎದ್ದು ಚಹಾ ಕೊಡಿಸಿದ. ಬ್ಯಾಕ್ ಪೇಪರ್ ಪರೀಕ್ಷೆ ಮುಂದಿನ ತಿಂಗಳು. ನನಗೆ 21 ತುಂಬುವುದೂ ಅದೇ ತಿಂಗಳು.